ಬೇಕೆಂದೇ ಬೆರೆಸಿದ ತಪ್ಪು: ಕ್ವಾಂಟಂ ಕಾಲದ ಗೂಢಲಿಪಿ

ಹೋದ ಸಲದ ಚರ್ಚೆಯ ಕೊನೆಗೆ ಒಂದು ಪ್ರಶ್ನೆ ಬಂತು: ದೊಡ್ಡ ಕ್ವಾಂಟಂ ಕಂಪ್ಯೂಟರೇ ಇನ್ನೂ ಬಂದಿಲ್ಲ, ಈಗಲೇ ಯಾಕೆ ಅವಸರ? ಇಂದು ಜಾಲದಲ್ಲಿ ಹರಿಯುವ ಗುಪ್ತ ಮಾಹಿತಿಯನ್ನು ನಕಲು ಮಾಡಿ ಇಟ್ಟುಕೊಂಡವರು ಆ ಯಂತ್ರ ಬಂದ ದಿನ ಅದನ್ನು ಬಿಚ್ಚಿ ಓದಬಹುದು. ಓಟಿಪಿ ಕೆಲವೇ ನಿಮಿಷಕ್ಕೆ ಹಳತಾಗುತ್ತದೆ. ಒಬ್ಬರ ಕಾಯಿಲೆಯ ದಾಖಲೆ ಮೂವತ್ತು ವರ್ಷವಾದರೂ ಗುಟ್ಟೇ.

ಆರ್‌ಎಸ್‌ಎ ನಿಂತಿರುವುದು ದೊಡ್ಡ ಸಂಖ್ಯೆಯ ಅಪವರ್ತನ ಕಷ್ಟ ಎಂಬುದರ ಮೇಲೆ. ಕ್ವಾಂಟಂ ಯಂತ್ರಕ್ಕೆ ಅದು ಕಷ್ಟವಲ್ಲ ಅಂತ ಪೀಟರ್ ಶೋರ್ 1994ರಲ್ಲೇ ತೋರಿಸಿದರು.

ಹಾಗಾದರೆ ಬದಲಿ ಏನು? 2005ರಲ್ಲಿ ಓಡೆಡ್ ರೆಗೆವ್ ಮುಂದಿಟ್ಟ ಲೆಕ್ಕ ನೋಡಿ. ಅಕ್ಕಿ, ಬೇಳೆಯ ಎರಡು ಚೀಟಿ ಇದ್ದರೆ ಎರಡರ ದರವೂ ಸಿಗುತ್ತದೆ, ಹೈಸ್ಕೂಲ್ ಗಣಿತ. ಪ್ರತಿ ಮೊತ್ತದಲ್ಲೂ ಒಂದೆರಡು ರೂಪಾಯಿ ಬೇಕೆಂದೇ ಆಚೀಚೆ ಮಾಡಿದರೆ? ಸಾಮಾನುಗಳೂ ಎರಡಲ್ಲ, ನೂರಾರು. ಸಂಖ್ಯೆಗಳು ಗಡಿಯಾರದ ಮುಳ್ಳಿನಂತೆ ಸುತ್ತಿ ಬರುತ್ತವೆ. ಆಗ ದರ ಹುಡುಕಲು ಕ್ವಾಂಟಂ ಯಂತ್ರಕ್ಕೂ ಸುಲಭದ ದಾರಿ ಇದುವರೆಗೆ ಸಿಕ್ಕಿಲ್ಲ. ಅಮೆರಿಕದ ನಿಸ್ಟ್ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಎಂಎಲ್-ಕೆಮ್ ಮಾನಕ ಇದೇ ಬಗೆಯದು. ಅದರ ಮಧ್ಯಮ ಆವೃತ್ತಿಯಲ್ಲಿ 768 ಅಜ್ಞಾತಗಳು, ಸುತ್ತು 3329ಕ್ಕೆ.

ಖಾಸಗಿತನಕ್ಕೂ ಇದೇ ತಪ್ಪು ಕೆಲಸಕ್ಕೆ ಬರುತ್ತದೆ. ಗುಪ್ತ ಮಾಹಿತಿಯನ್ನು ಬಿಚ್ಚದೆಯೇ ಅದರ ಮೇಲೆ ಲೆಕ್ಕ ಮಾಡುವ ಪೂರ್ಣ ವಿಧಾನವನ್ನು ಕ್ರೇಗ್ ಜೆಂಟ್ರಿ 2009ರಲ್ಲಿ ಕೊಟ್ಟರು. 2011ರ ಹೊತ್ತಿಗೆ ಅದನ್ನು ರೆಗೆವ್ ಲೆಕ್ಕದ ಮೇಲೇ ಕಟ್ಟಲಾಯಿತು. ಆಸ್ಪತ್ರೆ ಬೀಗ ಹಾಕಿದ ದಾಖಲೆ ಕಳಿಸುತ್ತದೆ, ಸರ್ವರ್ ಓದದೆಯೇ ಸರಾಸರಿ ತೆಗೆಯುತ್ತದೆ. ತೊಡಕು ಒಂದೇ: ಕೂಡಿದಾಗ ತಪ್ಪು ಸ್ವಲ್ಪ ಬೆಳೆಯುತ್ತದೆ, ಗುಣಿಸಿದಾಗ ಬಹಳ. ಅದನ್ನು ನಡುನಡುವೆ ತಗ್ಗಿಸಬೇಕು. ಹೆಚ್ಚು ಹೊತ್ತು ಹಿಡಿಯುವುದು ಅಲ್ಲೇ.

ಇನ್ನು ನಂಬಿಕೆಯ ಮಾತು. ಇನ್ನೊಂದು ಬಗೆಯ ಗಣಿತದ ಮೇಲೆ ನಿಂತಿದ್ದ ಸೈಕ್ ನಿಸ್ಟ್‌ನ ನಾಲ್ಕನೇ ಸುತ್ತಿನವರೆಗೂ ಬಂದಿತ್ತು. 2022ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನ ಕಾಸ್ಟ್ರಿಕ್ ಮತ್ತು ಡೆಕ್ರು ಅದರ ಚಿಕ್ಕ ಆವೃತ್ತಿಯನ್ನು ಸಾಮಾನ್ಯ ಕಂಪ್ಯೂಟರಿನ ಒಂದೇ ಕೋರ್‌ನಲ್ಲಿ ಸುಮಾರು ಒಂದು ಗಂಟೆಯಲ್ಲಿ ಮುರಿದರು. ಕ್ವಾಂಟಂ ಬೇಕಾಗಲೇ ಇಲ್ಲ!

ಆದ್ದರಿಂದಲೇ ಇವತ್ತು ಹಳೆಯ ಕೀಲಿ, ಹೊಸ ಕೀಲಿ ಎರಡನ್ನೂ ಜೋಡಿಸಿ ಬಳಸುತ್ತಾರೆ. ಒಂದು ಮುರಿದರೂ ಇನ್ನೊಂದು ಕಾಯಬೇಕು. ಬೆಲೆ ಇದೆ: ಹಳೆಯ ಸಾರ್ವಜನಿಕ ಕೀಲಿ 32 ಬೈಟ್, ಹೊಸದು 1184. 2025ರ ಮಾರ್ಚ್‌ನಲ್ಲಿ ನಿಸ್ಟ್ ಬೇರೆ ಗಣಿತದ ಎಚ್‌ಕ್ಯೂಸಿಯನ್ನೂ ಮೀಸಲಾಗಿ ಆರಿಸಿತು. ಈ ಲೆಕ್ಕಗಳು ಕಷ್ಟ ಎಂಬುದಕ್ಕೆ ಸಾಧನೆ ಇಲ್ಲ. ಮುರಿಯಲು ನೋಡಿ ಸೋತವರ ಅನುಭವವಷ್ಟೇ ಇದೆ. ನಮ್ಮಂಥ ವಿದ್ಯಾರ್ಥಿಗಳಿಗೆ ಕೆಲಸ ಇರುವುದು ಅಲ್ಲೇ.