ವಿದ್ಯುತ್ ಪ್ರಸರಣ ಗೋಪುರಗಳು ಕುಸಿಯುವುದೇಕೆ? – ಸಾರ್ವಜನಿಕರ ಮಾಹಿತಿಗಾಗಿ

ಹೈಟೆನ್ಷನ್ ಮಾರ್ಗದ ಸಮೀಪ ಮನೆ ಕಟ್ಟಲು, ಜಮೀನು ಸಮತಟ್ಟು ಮಾಡಲು ಅಥವಾ ಮಣ್ಣು ತೆಗೆಯಲು ಅನುಮತಿ ಕೋರುವ ಅರ್ಜಿದಾರರು, ಗೋಪುರದ ಬುಡದಿಂದ ಇಷ್ಟೊಂದು ಜಾಗವನ್ನು ಏಕೆ ಬಿಡಬೇಕು ಎಂದು ಪ್ರಶ್ನಿಸುವುದುಂಟು. ಪ್ರಶ್ನೆಯು ನ್ಯಾಯವಾದುದೇ. ಆದುದರಿಂದ ಉಕ್ಕಿನ ಜಾಲರಿ ಗೋಪುರವು ಹೇಗೆ ನಿಂತಿರುತ್ತದೆ ಮತ್ತು ಯಾವ ಕಾರಣಗಳಿಂದ ಬೀಳುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೇಲ್ನೋಟಕ್ಕೆ ಗೋಪುರವು ನಾಲ್ಕು ದಪ್ಪ ಕಾಲುಗಳ ಮೇಲೆ ನಿಂತಂತೆ ಕಾಣುತ್ತದೆ. ಆದರೆ ಆ ಕಾಲುಗಳಿಗೆ ಬಲ ಬರುವುದು ಅವುಗಳನ್ನು ಅಲ್ಲಲ್ಲಿ ಹಿಡಿದಿರುವ ಸಣ್ಣ ಅಡ್ಡಪಟ್ಟಿ ಹಾಗೂ ಓರೆಪಟ್ಟಿಗಳಿಂದ. ಉದ್ದನೆಯ ತೆಳು ಕೋಲನ್ನು ಎರಡೂ ತುದಿಗಳಿಂದ ಒತ್ತಿದರೆ ಅದು ನಡುವೆ ಬಾಗುತ್ತದೆ. ಅದೇ ದಪ್ಪದ ಗಿಡ್ಡ ಕೋಲು ಸುಲಭವಾಗಿ ಬಾಗದು. ಆಸರೆಯಿಲ್ಲದ ಉದ್ದವು ಇಮ್ಮಡಿಯಾದಲ್ಲಿ, ತೆಳುವಾದ ಉಕ್ಕಿನ ಪಟ್ಟಿಯೊಂದು ಬಾಗದೆ ತಾಳಬಲ್ಲ ಒತ್ತಡವು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ದಪ್ಪ ಕಾಲುಗಳಲ್ಲಿ ಇಳಿಕೆ ಇಷ್ಟಿರದಿದ್ದರೂ ಅಪಾಯಕ್ಕೆ ಸಾಕಾಗುವಷ್ಟಿರುತ್ತದೆ. ಕೈಗೆಟಕುವ ಎತ್ತರದ ಒಂದೆರಡು ಆಂಗಲ್‌ಗಳನ್ನು ಬಿಚ್ಚಿಕೊಂಡು ಹೋದ ದಿನವೇ ಗೋಪುರ ಬೀಳುವುದಿಲ್ಲ. ಶಾಂತ ಹವೆಯಲ್ಲಿ ಅದು ತಿಂಗಳುಗಟ್ಟಲೆ ನಿಂತಿರಬಹುದು. ಮುಂಗಾರು ಪೂರ್ವದ ಬಿರುಗಾಳಿ ಬೀಸಿದ ಸಂಜೆ ಬೀಳುತ್ತದೆ, ದೂಷಣೆಯು ಗಾಳಿಯ ಖಾತೆಗೆ ಜಮೆಯಾಗುತ್ತದೆ. ಇಂತಹ ಕಳವಿಗೆ ವಿದ್ಯುಚ್ಛಕ್ತಿ ಕಾಯ್ದೆ, 2003ರ 136ನೇ ಕಲಮಿನಡಿ ಮೂರು ವರ್ಷಗಳವರೆಗೆ ಕಾರಾವಾಸ, ಅಥವಾ ಜುಲ್ಮಾನೆ, ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಗಾಳಿಯ ಪಾತ್ರವೂ ಅಲ್ಪವಲ್ಲ. ಭಾರತೀಯ ಮಾನಕಗಳಲ್ಲಿ ದೇಶವನ್ನು ಸೆಕೆಂಡಿಗೆ 33 ಮೀಟರ್‌ನಿಂದ 55 ಮೀಟರ್‌ವರೆಗಿನ ಆರು ಗಾಳಿ ವಲಯಗಳಾಗಿ ವಿಂಗಡಿಸಲಾಗಿದ್ದು, ಬೆಂಗಳೂರು 33 ಮೀಟರ್ ವಲಯದಲ್ಲಿಯೂ ಮಂಗಳೂರು 39 ಮೀಟರ್ ವಲಯದಲ್ಲಿಯೂ ಇವೆ. ಗಾಳಿಯ ಒತ್ತಡವು ವೇಗದ ವರ್ಗಕ್ಕನುಗುಣವಾಗಿ ಏರುವುದರಿಂದ, 33 ಮೀಟರ್ ವೇಗವು 44 ಆದಲ್ಲಿ ಒತ್ತಡವು ಸುಮಾರು 1.78 ಪಟ್ಟು ಆಗುತ್ತದೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 28 ಸೆಪ್ಟೆಂಬರ್ 2016ರಂದು ಸುಂಟರಗಾಳಿಗಳು ಪ್ರಸರಣ ಗೋಪುರಗಳನ್ನು ಉರುಳಿಸಿದಾಗ ಆರಂಭವಾದ ಸರಣಿ ದೋಷಗಳಿಂದ ಇಡೀ ರಾಜ್ಯವು ಕತ್ತಲಾಯಿತು.

ಒಂದು ಗೋಪುರ ಬಿದ್ದರೆ ನೆರೆಯ ಗೋಪುರಗಳೂ ಸುರಕ್ಷಿತವಲ್ಲ. ತಂತಿಗಳು ಎರಡೂ ಕಡೆಯಿಂದ ಸಮನಾಗಿ ಎಳೆಯುತ್ತಿರುವಾಗ ನೇರ ಮಾರ್ಗದ ಗೋಪುರವು ಮುಖ್ಯವಾಗಿ ಭಾರವನ್ನಷ್ಟೇ ಹೊರುತ್ತದೆ. ಒಂದು ಕಡೆಯ ಎಳೆತ ತಪ್ಪಿದಲ್ಲಿ ಇನ್ನೊಂದು ಕಡೆಗೆ ವಾಲುತ್ತದೆ. ಜನವರಿ 1998ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಹಿಮಗಟ್ಟಿದ ಮಳೆಯ ಭಾರಕ್ಕೆ ಗೋಪುರಗಳು ಹೀಗೆಯೇ ಸಾಲುಸಾಲಾಗಿ ಕುಸಿದವು. ಅನಂತರ ಅಲ್ಲಿ, ಕುಸಿತವು ಮುಂದುವರಿಯದಂತೆ ತಡೆಯುವ ಬಲಿಷ್ಠ ಗೋಪುರಗಳನ್ನು ನಡುನಡುವೆ ನಿಲ್ಲಿಸಲಾಯಿತು.

ಈಗ ಬುಡದ ವಿಷಯ. ಅರ್ಜಿದಾರರಿಗೆ ನೇರವಾಗಿ ಸಂಬಂಧಿಸಿದುದು ಇದೇ. ಗಾಳಿಯು ಒಂದು ಪಾರ್ಶ್ವದಿಂದ ತಳ್ಳಿದಾಗ ಎದುರು ಪಾರ್ಶ್ವದ ಕಾಲುಗಳು ನೆಲಕ್ಕೆ ಒತ್ತಲ್ಪಡುತ್ತವೆ. ಗಾಳಿ ಬಂದ ಪಾರ್ಶ್ವದ ಕಾಲುಗಳು ನೆಲದಿಂದ ಮೇಲಕ್ಕೆ ಎಳೆಯಲ್ಪಡುತ್ತವೆ. ಈ ಎಳೆತವನ್ನು ತಡೆಯುವುದು ಕಾಂಕ್ರೀಟಿನ ತೂಕದೊಂದಿಗೆ ಅದರ ಮೇಲೆ ಹಾಗೂ ಸುತ್ತಲೂ ಇರುವ ಮಣ್ಣಿನ ತೂಕ. ಅಡಿಪಾಯವನ್ನು ಮುಟ್ಟದೆಯೇ ಪಕ್ಕದ ಮಣ್ಣನ್ನಷ್ಟೇ ತೆಗೆದೆವು ಎಂಬ ಸಮಜಾಯಿಷಿಯು ಆದ್ದರಿಂದ ನಿಲ್ಲುವುದಿಲ್ಲ. ತದ್ವಿರುದ್ಧವಾಗಿ, ಕಾಲುಗಳ ಸುತ್ತ ಗೊಬ್ಬರ, ಕಸ ಅಥವಾ ಮಣ್ಣನ್ನು ಗುಡ್ಡೆ ಹಾಕುವುದೂ ಸಲ್ಲದು. ಅದರ ತೇವಕ್ಕೆ ಸತುವಿನ ಲೇಪ ಸವೆದು, ಯಾರ ಕಣ್ಣಿಗೂ ಬೀಳದ ಕಡೆ ಉಕ್ಕು ತುಕ್ಕು ಹಿಡಿಯುತ್ತದೆ.

ಪಟ್ಟಿಗಳು ಕಾಣೆಯಾಗಿರುವುದು, ಕಾಲು ಬಾಗಿರುವುದು ಅಥವಾ ಬುಡದ ಮಣ್ಣು ಕೊಚ್ಚಿಹೋಗಿರುವುದು ಕಂಡುಬಂದಲ್ಲಿ 1912 ಸಂಖ್ಯೆಗೆ ಕರೆ ಮಾಡಿ ತಿಳಿಸಲು ಕೋರಲಾಗಿದೆ. ಗೋಪುರದ ಮೇಲಿನ ಫಲಕದಲ್ಲಿ ಮಾರ್ಗದ ಹೆಸರು ಹಾಗೂ ಗೋಪುರದ ಸಂಖ್ಯೆ ನಮೂದಾಗಿದ್ದರೆ ದೂರಿನಲ್ಲಿ ಅವನ್ನೂ ಹೇಳತಕ್ಕದ್ದು; ದೂರದಿಂದಲೇ ಓದಬೇಕು, ಹತ್ತಬಾರದು. ಗೋಪುರ ಬಿದ್ದಿದ್ದರೆ, ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಭಾವಿಸಿ ಸಮೀಪಿಸದೆ, ಜಾನುವಾರುಗಳನ್ನೂ ದೂರವಿರಿಸಿ, ತುರ್ತು ಸಂಖ್ಯೆ 112ಕ್ಕೂ ತಿಳಿಸುವುದು.