ಮೈಸೂರಿನ ಕಬ್ಬಿಣದ ಬಾಣಗಳೂ ಸೇನಾವಸ್ತುಸಂಗ್ರಹಾಲಯಗಳೂ

ಸೇನೆಯ ಚರಿತ್ರೆಯನ್ನು ತಿಳಿಯುವುದಕ್ಕೆ ಆಶ್ರಯಿಸತಕ್ಕ ಆಧಾರಗಳು ಮುಖ್ಯವಾಗಿ ಮೂರು: ಬರಹ, ಚಿತ್ರ, ವಸ್ತು. ಇವುಗಳಲ್ಲಿ ಬರಹಕ್ಕೆ ಸಲ್ಲುವಷ್ಟು ಗಮನವು ವಸ್ತುವಿಗೆ ಸಲ್ಲುವುದು ಅಪೂರ್ವ. ಆದರೆ ಯುದ್ಧದ ಬರಹಗಳು ಬಹುಮಟ್ಟಿಗೆ ಗೆದ್ದವರವು. ಸೋತ ಸೇನೆಯ ಕೌಶಲವನ್ನು ಅಳೆಯಬೇಕಾದರೆ ಅದರ ಕೈಯಲ್ಲಿದ್ದ ಆಯುಧವನ್ನೇ ಪರೀಕ್ಷಿಸಬೇಕು. ಈ ಪರೀಕ್ಷೆಗೆ ಆಯುಧವೊಂದು ಕಪಾಟಿನಲ್ಲಿ ಉಳಿದಿದ್ದರೆ ಸಾಲದು. ಅದು ದೊರೆತ ನೆಲ, ದೊರೆತ ಬಗೆ, ಅದರ ಅಳತೆ ಇವೂ ಅದರೊಡನೆ ಉಳಿದಿರಬೇಕು. ಮೈಸೂರಿನ ಸೇನೆ ೧೮ನೆಯ ಶತಮಾನದಲ್ಲಿ ಪ್ರಯೋಗಿಸಿದ ಕಬ್ಬಿಣದ ಬಾಣಗಳ ವೃತ್ತಾಂತವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಇಲ್ಲಿ ಬಾಣವೆಂದರೆ ಬಿಲ್ಲಿನಿಂದ ಎಸೆಯುವ ಅಂಬಲ್ಲ. ಮದ್ದು ತುಂಬಿದ ಕೊಳವೆಯನ್ನು ಕೋಲಿಗೆ ಬಿಗಿದು, ಬೆಂಕಿ ಹೊತ್ತಿಸಿ ಹಾರಿಸುವ ಆಯುಧ, ಎಂದರೆ ರಾಕೆಟ್ಟು. 'ಬಾಣಬಿರುಸು' ಎಂಬ ಜೋಡುನುಡಿಯಲ್ಲಿ ಈ ಅರ್ಥವು ಇಂದಿಗೂ ಉಳಿದಿದೆ. ಇಂಥ ಬಾಣಗಳು ಭಾರತದ ಸೇನೆಗಳಿಗೆ ಹೊಸವಾಗಿರಲಿಲ್ಲ. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ವಿಶೇಷವೆಂದರೆ ಕೊಳವೆಯನ್ನು ಬಡಿದ ಕಬ್ಬಿಣದಿಂದ ಮಾಡಿದುದು. ಬಿದಿರು ಅಥವಾ ಕಾಗದದ ಕೊಳವೆಯು ಮದ್ದಿನ ಒತ್ತಡ ಏರಿದರೆ ಒಡೆಯುವುದು. ಕಬ್ಬಿಣದ್ದು ಅದನ್ನು ತಾಳಿಕೊಳ್ಳುವುದು. ಆದಕಾರಣ ಮದ್ದನ್ನು ಹೆಚ್ಚು ಗಟ್ಟಿಯಾಗಿ ತುಂಬಲು ಸಾಧ್ಯವಾಗಿ, ಬಾಣದ ವೇಗವೂ ದೂರವೂ ಹೆಚ್ಚಿದುವು.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯಲ್ಲಿ ೧೭೮೦ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಕರ್ನಲ್ ಬೇಲಿಯ ಸೇನೆಯ ನಡುವೆ ಮದ್ದಿನ ಬಂಡಿ ಸಿಡಿಯುತ್ತಿರುವುದನ್ನು ಅಲ್ಲಿ ಕಾಣಬಹುದು. ಆ ಸ್ಫೋಟಕ್ಕೆ ಮೈಸೂರಿನವರ ಬಾಣಗಳೇ ಕಾರಣವೆಂದು ಹೇಳುವುದುಂಟು. ಆದರೆ ಚಿತ್ರವು ೧೯ನೆಯ ಶತಮಾನದಲ್ಲಿ ಮರಳಿ ಬರೆಯಲ್ಪಟ್ಟುದು. ಅಲ್ಲದೆ ಅದು ಪರಿಣಾಮವನ್ನು ತೋರಿಸುವುದೇ ಹೊರತು ಆಯುಧದ ರಚನೆಯನ್ನು ತಿಳಿಸುವುದಿಲ್ಲ.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಇಂಗ್ಲಿಷರ ವಶಕ್ಕೆ ಬಂದ ಸಾಮಗ್ರಿಯಲ್ಲಿ ಪ್ರಯೋಗಕ್ಕೆ ಸಿದ್ಧವಾಗಿದ್ದ ೭೦೦ ಬಾಣಗಳೂ ೯,೦೦೦ ಬರಿಯ ಕೊಳವೆಗಳೂ ಇದ್ದುವೆಂದು ಲೆಕ್ಕವಿದೆ. ಇವುಗಳ ಕೆಲವು ಮಾದರಿಗಳು ಲಂಡನ್ನಿನ ಬಳಿಯ ವೂಲಿಚ್ಚಿಗೆ ಸೇರಿದುವು. ಅಲ್ಲಿ ೧೭೭೮ರಲ್ಲಿ ಸ್ಥಾಪಿತವಾಗಿದ್ದ ಸೇನಾಸಂಗ್ರಹವು ಕೇವಲ ನೋಟಕ್ಕಾಗಿ ಇದ್ದುದಲ್ಲ. ಫಿರಂಗಿದಳದವರ ಶಿಕ್ಷಣಕ್ಕಾಗಿ ಇದ್ದುದು. ಅದೇ ವೂಲಿಚ್ಚಿನಲ್ಲಿ ವಿಲಿಯಂ ಕಾಂಗ್ರೀವನು ೧೮೦೪ರ ಸುಮಾರಿಗೆ ಪ್ರಯೋಗಗಳನ್ನು ಆರಂಭಿಸಿ ತನ್ನ ಬಾಣಗಳನ್ನು ಸಿದ್ಧಪಡಿಸಿದನು. ಅವು ೧೮೦೬ರಲ್ಲಿ ಬೊಲೋನಿನ ಮೇಲೆಯೂ ೧೮೦೭ರಲ್ಲಿ ಕೋಪನ್‌ಹೇಗನ್ನಿನ ಮೇಲೆಯೂ ಪ್ರಯೋಗಿಸಲ್ಪಟ್ಟುವು. ಸೋತವರ ಆಯುಧವು ಗೆದ್ದವರಿಗೆ ಪಾಠವಾಯಿತು. ಅದನ್ನು ಮಾಡಿದ ಕಮ್ಮಾರರ ನಾಡಿನಲ್ಲಿ ಆ ವಿದ್ಯೆಯ ನೆನಪೂ ಮಾಸಿತು.

ಈ ನೆನಪು ಮರಳಿದುದು ಅಳತೆಯ ಮೂಲಕ. ವಿಮಾನಶಾಸ್ತ್ರಜ್ಞರಾದ ರೊದ್ದಂ ನರಸಿಂಹ ಅವರು ೧೯೮೫ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವೂಲಿಚ್ಚಿನ ಎರಡು ಮಾದರಿಗಳನ್ನು ವರ್ಣಿಸಿದ್ದಾರೆ. ಒಂದರ ಕೊಳವೆಯು ೨.೩ ಅಂಗುಲ ವ್ಯಾಸ, ೧೦ ಅಂಗುಲ ಉದ್ದವುಳ್ಳದು. ಅದನ್ನು ೩ ಅಡಿ ೪ ಅಂಗುಲ ಉದ್ದದ ಕತ್ತಿಯ ಅಲಗಿಗೆ ತೊಗಲಿನ ಪಟ್ಟಿಗಳಿಂದ ಬಿಗಿಯಲಾಗಿದೆ. ಇನ್ನೊಂದರ ಕೊಳವೆಯು ೧.೫ ಅಂಗುಲ ವ್ಯಾಸ, ೭.೮ ಅಂಗುಲ ಉದ್ದವುಳ್ಳದು. ಅದರ ಕೋಲು ೬ ಅಡಿ ೩ ಅಂಗುಲದ ಬಿದಿರು.

ಇದಕ್ಕೆ ಪೂರಕವಾದ ಸಾಕ್ಷ್ಯವು ಕನ್ನಡನಾಡಿನಲ್ಲಿಯೇ ದೊರೆಯಿತು. ಶಿವಮೊಗ್ಗ ಜಿಲ್ಲೆಯ ನಗರವು ಕೆಳದಿಯ ಅರಸರ ಬಿದನೂರು; ೧೭೬೩ರಲ್ಲಿ ಹೈದರನ ವಶವಾಗಿ ಹೈದರ್‌ನಗರವೆನಿಸಿತು. ಅಲ್ಲಿಯ ಹಾಳುಬಾವಿಯೊಂದರ ಮಣ್ಣಿಗೆ ಮದ್ದಿನ ವಾಸನೆ ಇದ್ದುದೇ ಶೋಧನೆಗೆ ದಾರಿಯಾಯಿತು. ರಾಜ್ಯದ ಪುರಾತತ್ತ್ವ ಇಲಾಖೆಯು ೨೦೧೮ರಲ್ಲಿ ಅದನ್ನು ಅಗೆಸಿದಾಗ, ತುಕ್ಕು ಹಿಡಿದ ೧,೦೦೦ಕ್ಕೂ ಹೆಚ್ಚು ಕಬ್ಬಿಣದ ಬಾಣದ ಕೊಳವೆಗಳು ಹೊರಬಂದುವು. ಅವುಗಳ ಉದ್ದವು ಸುಮಾರು ೨೩ರಿಂದ ೨೬ ಸೆಂಟಿಮೀಟರು. ಅವು ಶಿವಮೊಗ್ಗದ ವಸ್ತುಸಂಗ್ರಹಾಲಯಕ್ಕೆ ಸೇರಿದುವು.

ಈ ಎರಡು ಸಂಗ್ರಹಗಳನ್ನು ಜತೆಗಿಟ್ಟು ನೋಡಿದಾಗಲೇ ವಿಷಯವು ಪೂರ್ಣವಾಗುವುದು. ವೂಲಿಚ್ಚಿನವು ಕೋಲು, ಅಲಗು, ತೊಗಲಿನ ಕಟ್ಟುಗಳೊಡನೆ ಸಮಗ್ರವಾಗಿವೆ. ಆದರೆ ಅವು ಹುಟ್ಟಿದ ನೆಲದಿಂದ ಬಿಡಿಸಿ ತಂದವು. ನಗರದವು ಬರಿಯ ಕೊಳವೆಗಳು. ಆದರೆ ಅವು ತಮ್ಮ ನೆಲವನ್ನೂ ರಾಶಿಯನ್ನೂ ತಿಳಿಸುತ್ತವೆ. ರಾಜಧಾನಿಯಿಂದ ದೂರದ ಮಲೆನಾಡಿನಲ್ಲಿ ಸಾವಿರಗಟ್ಟಲೆ ಬಾಣಗಳಿದ್ದುವೆಂಬುದು ಎರಡು ಮಾದರಿಗಳಿಂದ ಎಂದಿಗೂ ತಿಳಿಯದು. ಕೊಳವೆಯನ್ನು ಕೋಲಿಗೆ ಹೇಗೆ ಬಿಗಿಯುತ್ತಿದ್ದರೆಂಬುದು ನಗರದ ರಾಶಿಯಿಂದ ತಿಳಿಯದು.

ಕನ್ನಡ ಸಾಹಿತ್ಯದ ಅಧ್ಯಾಪಕರಿಗೆ ಈ ನ್ಯಾಯವು ಅಪರಿಚಿತವಲ್ಲ. ಕ್ರಿ.ಶ. ೯೪೯-೫೦ರ ಆತಕೂರಿನ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯೊಡನೆ ಹೋರಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಂತ ಆ ಕಲ್ಲೇ ತಕ್ಕೋಲದ ಕಾಳಗಕ್ಕೂ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದಕ್ಕೂ ಸಾಕ್ಷಿಯಾಗಿದೆ. ಕಲ್ಲು ಊರನ್ನು ಬಿಟ್ಟು ಬಂದರೂ ಸಾಕ್ಷ್ಯವು ಕೆಡಲಿಲ್ಲ; ಏಕೆಂದರೆ ಅದರ ಊರು, ಪಾಠ, ಚಿತ್ರಗಳು ಪ್ರಕಟವಾಗಿ ವಿದ್ವಾಂಸರ ಕೈಸೇರಿವೆ. ಶಾಸನಕ್ಕೆ ಸಂದ ಈ ಶ್ರದ್ಧೆಯು ಆಯುಧಕ್ಕೂ ಸಲ್ಲತಕ್ಕುದು.

ಸಂಗ್ರಹಾಲಯಗಳೂ ಶಾಶ್ವತವಲ್ಲ. ವೂಲಿಚ್ಚಿನ ಫಿರಂಗಿದಳದ ವಸ್ತುಸಂಗ್ರಹಾಲಯವು ೨೦೧೬ರಲ್ಲಿ ಮುಚ್ಚಲ್ಪಟ್ಟಿತು. ಆದರೂ ಅಲ್ಲಿಯ ಬಾಣಗಳ ಅಳತೆಗಳು ಓದುಗರಿಗೆ ಉಳಿದಿರುವುದು ಪ್ರಕಟವಾದ ಪ್ರಬಂಧದ ಬಲದಿಂದ. ತುಕ್ಕು ಹಿಡಿದ ಕಬ್ಬಿಣವಾದರೋ ತೇವ ತಾಗಿದಷ್ಟೂ ಸವೆಯುವುದು. ಆದುದರಿಂದ ಶಿವಮೊಗ್ಗದ ಬಾಣಗಳ ಅಳತೆ, ತೂಕ, ಲೋಹದ ಗುಣ, ಬಾವಿಯ ನಕ್ಷೆ ಇವೆಲ್ಲವೂ ವಿವರವಾದ ಪಟ್ಟಿಯಾಗಿ ಕನ್ನಡದಲ್ಲಿ ಎಲ್ಲರಿಗೂ ದೊರೆಯಬೇಕಾದುದು ಅವಶ್ಯ. ಹಾಗಾದರೆ ಆ ಕಬ್ಬಿಣವನ್ನು ಬಡಿದವರ ನಾಡಿನ ವಿದ್ಯಾರ್ಥಿಯು ತನ್ನ ಸೇನೆಯ ಚರಿತ್ರೆಯನ್ನು ಗೆದ್ದವರ ವರದಿಯಿಂದ ಮಾತ್ರವೇ ಕಲಿಯಬೇಕಾಗುವುದಿಲ್ಲ.