ವಂತಿಗೆಯ ಪಾವತಿಯೂ ಯೂನಿಯನ್ನಿನ ಬಲವೂ

“ಯೂನಿಯನ್ನಿಗೆ ವಂತಿಗೆ ಕೊಟ್ಟು ನಮಗೆ ಬಂದದ್ದೇನು?” ಎಂದು ವಾಚನಾಲಯಕ್ಕೆ ಬರುವ ಬಂಧುಗಳು ಮೇಲಿಂದ ಮೇಲೆ ಕೇಳುತ್ತಾರೆ. ನಾವು ನಗರದ ಹೊರವಲಯದ ಬಟ್ಟೆಯ ಗಿರಣಿಯೊಂದರಲ್ಲಿ ಪಗಾರದ ಪತ್ರಕ ಬರೆಯುವ ಕಾರಕೂನರು. ಕಾಮಗಾರರ ಹಾಜರಿಯೂ ಕಡಿತವೂ ದಿನವೂ ನಮ್ಮ ಕೈಯ ಮೇಲೆ ಹಾಯ್ದು ಹೋಗುವುದರಿಂದ, ಈ ವಿಷಯದಲ್ಲಿ ಕಂಡದ್ದನ್ನೂ ತಿಳಿದದ್ದನ್ನೂ ನಾಲ್ಕು ಮಾತಿನಲ್ಲಿ ಬರೆಯುತ್ತೇವೆ.

ಯೂನಿಯನ್ನು ಎಂದೊಡನೆ ಜನರ ಕಣ್ಣಿಗೆ ಬರುವುದು ಬಾವುಟ, ಘೋಷಣೆ, ಮುಚ್ಚಿದ ಗೇಟು. ನಮ್ಮ ಅನುಭವದಲ್ಲಿ ಅದರ ಕೆಲಸದ ಬಹುಪಾಲು ಕಾಗದದ ಕೆಲಸ. ಹಿಂದೊಮ್ಮೆ ಕಲಬುರಗಿ ಕಡೆಯ ಬದಲಿ ಕಾಮಗಾರನೊಬ್ಬನ ಮೂರು ರಾತ್ರಿಪಾಳಿಗಳು ಹಾಜರಿ ಪುಸ್ತಕದಲ್ಲಿ ಏರಿರಲಿಲ್ಲ. ಖಾತೆಯ ಮುಖ್ಯಸ್ಥರು “ನೀನು ಬಂದೇ ಇಲ್ಲ” ಎಂದುಬಿಟ್ಟರು. ಅವನು ಜಗಳಕ್ಕೆ ನಿಲ್ಲದೆ ಯೂನಿಯನ್ನಿನ ಪ್ರತಿನಿಧಿಯ ಬಳಿಗೆ ಹೋದ. ಪ್ರತಿನಿಧಿ ಕೇಳಿದ್ದು ಎರಡೇ: ಯಾವ ತಾರೀಖು, ಪಗಾರದ ಚೀಟಿ ಎಲ್ಲಿ? ಗೇಟಿನ ಪುಸ್ತಕ ತರಿಸಿ ನೋಡಿದರೆ ಮೂರು ರಾತ್ರಿಯೂ ಅವನ ನಂಬರು ಅಲ್ಲಿತ್ತು. ಮುಂದಿನ ಪಗಾರದಲ್ಲಿ ಹಣ ಬಂತು. ಅವನೊಬ್ಬನೇ ಕೇಳಿದ್ದರೆ ಗೇಟಿನ ಪುಸ್ತಕ ಮೇಜಿನ ಮೇಲೆ ಬರುತ್ತಿರಲಿಲ್ಲವೆಂದು, ಆ ಮೇಜಿನ ಈಚೆ ಕುಳಿತ ನಾವು ಹೇಳಬಲ್ಲೆವು.

ಯೂನಿಯನ್ನಿನವರೆಲ್ಲ ಹೀಗೆಯೇ ಎಂದು ನಾವು ಹೇಳುವುದಿಲ್ಲ. ಒಂದು ವರ್ಷ ಪಾಳಿ ಬದಲಾವಣೆಯ ಒಪ್ಪಂದಕ್ಕೆ ಸಹಿ ಬಿದ್ದುದು ಜನರಿಗೆ ತಿಳಿದದ್ದು ನೋಟೀಸು ಹಲಗೆಯಿಂದ. ಕೂಗಾಡಲು ಹೋದವರ ಮುಂದೆ ಪ್ರತಿನಿಧಿ ವಂತಿಗೆಯ ಪುಸ್ತಕ ತೆರೆದಿಟ್ಟ. ಆ ಖಾತೆಯಲ್ಲಿ ವಂತಿಗೆ ಕೊಟ್ಟವರು ಹತ್ತು ಮಂದಿಯೂ ಇರಲಿಲ್ಲ. “ನಿಮ್ಮನ್ನು ಕೇಳಬೇಕೆಂದರೆ ನೀವು ಇದರಲ್ಲಿ ಇರಬೇಕಲ್ಲ” ಎಂದ. ಉದ್ಧಟತನದ ಮಾತೇ ಸರಿ. ಆದರೆ ಅದರೊಳಗೆ ಒಂದು ಲೆಕ್ಕವಿದೆ. ಯೂನಿಯನ್ನುಗಳ ವಿಷಯದಲ್ಲಿ ನಮ್ಮವರು ಬಹಳ ಸಲ ಮರೆಯುವುದು ಆ ಲೆಕ್ಕವನ್ನೇ.

ಈ ಲೆಕ್ಕ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಮುಂಬಯಿಯ ಗಿರಣಿಗಳ ಸಂಪೇ ಸಾಕ್ಷಿ. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಕಾಮಗಾರರು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಕೆಲಸ ನಿಲ್ಲಿಸಿದರು. ಜನರು ಸಾಮಂತರ ಹಿಂದೆ ಇದ್ದರು. ಕಾಯಿದೆ ಅವರ ಹಿಂದೆ ಇರಲಿಲ್ಲ. 1946ರ ಮುಂಬಯಿ ಕೈಗಾರಿಕಾ ಸಂಬಂಧಗಳ ಕಾಯಿದೆಯ ಪ್ರಕಾರ, ಒಂದು ಊರಿನ ಒಂದು ಉದ್ಯಮಕ್ಕೆಲ್ಲ ಸೇರಿ ಒಂದೇ ‘ಪ್ರಾತಿನಿಧಿಕ’ ಯೂನಿಯನ್ನು. ಸದಸ್ಯರ ಸಂಖ್ಯೆ ತೋರಿಸಿ ಆ ಪಟ್ಟ ಪಡೆದಿದ್ದದ್ದು ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘ. ಮಾಲೀಕರೂ ಸರಕಾರವೂ ಆ ಪಟ್ಟವನ್ನು ಮುಂದೆ ಮಾಡಿ, ಸಾಮಂತರೊಡನೆ ಮಾತುಕತೆಗೆ ಕೂಡಲಿಲ್ಲ. ಆ ಕಾಯಿದೆಯನ್ನು ತೆಗೆಯಿರೆಂಬುದೇ ಸಂಪಿನ ಬೇಡಿಕೆಗಳಲ್ಲಿ ಒಂದಾಗಿತ್ತು. ಸಂಪು ವರ್ಷ ದಾಟಿತು. ಅದನ್ನು ಹಿಂದೆಗೆದುಕೊಂಡೆವೆಂಬ ಘೋಷಣೆಯೇ ಆಗಲಿಲ್ಲ. ಸಾವಿರಾರು ಜನ ಮರಳಿ ಕೆಲಸ ಕಾಣಲಿಲ್ಲ. ಪರಳ, ಲಾಲಬಾಗದ ಚಾಳುಗಳನ್ನು ಬಿಟ್ಟು ಊರಿಗೆ ಗಂಟು ಕಟ್ಟಿದ ಮನೆಗಳ ಕಥೆಯನ್ನು ನಮ್ಮ ಹಿರಿಯ ಸದಸ್ಯರು ಈಗಲೂ ಹೇಳುತ್ತಾರೆ. ಗಿರಣಿಗಳು ನಿಂತದ್ದಕ್ಕೆ ಹಳೆಯ ಯಂತ್ರ, ವಿದ್ಯುತ್ ಮಗ್ಗದ ಪೈಪೋಟಿ, ಜಾಗದ ಬೆಲೆ ಮುಂತಾದ ಬೇರೆ ಕಾರಣಗಳೂ ಉಂಟು. ಆದರೆ ಜನ ಒಂದು ಕಡೆ, ಪುಸ್ತಕ ಇನ್ನೊಂದು ಕಡೆ ಇದ್ದರೆ ಏನಾಗುವುದೆಂದು ಆ ಸಂಪು ತೋರಿಸಿಕೊಟ್ಟಿತು.

ಈಗಿನ ಕಾಯಿದೆಗೆ ಬರೋಣ. 1926ರ ಟ್ರೇಡ್ ಯೂನಿಯನ್ ಕಾಯಿದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಬಂದಿದೆ. ಒಂದು ಕಾರಖಾನೆಯಲ್ಲಿ ಹಲವು ಯೂನಿಯನ್ನುಗಳಿದ್ದರೆ, ಹಾಜರಿ ಪಟ್ಟಿಯ ಕಾಮಗಾರರಲ್ಲಿ ಶೇಕಡಾ 51 ಮಂದಿಯ ಬೆಂಬಲವುಳ್ಳದ್ದೇ ಮಾಲೀಕರೊಡನೆ ಮಾತಾಡುವ ಯೂನಿಯನ್ನು. ಯಾವುದಕ್ಕೂ ಅಷ್ಟು ಇಲ್ಲದಿದ್ದರೆ, ಶೇಕಡಾ 20ಕ್ಕೆ ಕಡಿಮೆಯಿಲ್ಲದ ಯೂನಿಯನ್ನುಗಳು ಸೇರಿ ಒಂದು ಮಂಡಲಿ. ಸಂಪು ಹೂಡುವ ಮೊದಲು 14 ದಿನದ ನೋಟೀಸು ಬೇಕು. ಬಿಸಿಯಾದಾಗ ಗೇಟಿನಲ್ಲಿ ನಿಂತು “ಇವತ್ತೇ ಬಂದ್” ಎನ್ನುವ ಪುಢಾರಿಯ ಮಾತಿಗೆ ಕಿವಿಗೊಡುವವರು ಇದನ್ನು ನೆನಪಿಡಬೇಕು, ಏಕೆಂದರೆ ದಂಡ ಬೀಳುವುದು ಪುಢಾರಿಗಷ್ಟೇ ಅಲ್ಲ.

ನಮ್ಮ ಕಾರಕೂನ ಬಂಧುಗಳಿಗೆ ಬೇರೆಯಾಗಿ ಒಂದು ಮಾತು. “ನಾವು ಮೇಜಿನ ಮುಂದೆ ಕೂಡುವವರು, ನಮಗೇಕೆ ಯೂನಿಯನ್ನು” ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅಂಗಿ ಬಿಳಿಯದಾದರೆ ಪಗಾರ ಹೆಚ್ಚಾಗುವುದಿಲ್ಲ. ಕಾಯಿದೆಯ ‘ಕಾಮಗಾರ’ ಎಂಬ ಮಾತಿನಲ್ಲಿ ಗುಮಾಸ್ತೆ ಕೆಲಸವೂ ಸೇರಿದೆ. ಹೊರಗುಳಿಯುವವರು ಆಡಳಿತ ನಡೆಸುವ ಅಧಿಕಾರಿಗಳು, ಮತ್ತು ತಿಂಗಳಿಗೆ 18,000 ರೂಪಾಯಿಗೆ ಮೇಲೆ ಪಡೆಯುವ ಮೇಲ್ವಿಚಾರಕರು. ಹೆಸರಿಗೆ ‘ಸೂಪರ್‌ವೈಸರ್’ ಎಂದು ಬರೆದು ದಿನವಿಡೀ ಲೆಕ್ಕ ಬರೆಸುವ ಕಡೆಗಳಲ್ಲಿ ನೋಡಬೇಕಾದದ್ದು ಹೆಸರನ್ನಲ್ಲ, ಮಾಡುವ ಕೆಲಸವನ್ನು.

ಯೂನಿಯನ್ನೇ ಇಲ್ಲದ ಕಡೆ? 20 ಅಥವಾ ಹೆಚ್ಚು ಕಾಮಗಾರರಿರುವ ಸ್ಥಳದಲ್ಲಿ ದೂರು ಕೇಳುವ ಸಮಿತಿ ಇರಬೇಕು. ಅದರಲ್ಲಿ ಮಾಲೀಕರ ಕಡೆಯವರೂ ಕಾಮಗಾರರ ಕಡೆಯವರೂ ಸಮಸಂಖ್ಯೆಯವರು. ಸಂಗತಿ ನಡೆದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ದೂರು ಬಾಯಿಮಾತಿನದಾದರೆ ಅದು ಗಾಳಿಗೆ ಹೋಯಿತೆಂದೇ ತಿಳಿಯಿರಿ. ಆರೋಪ ಪತ್ರ ಕೈಗೆ ಕೊಟ್ಟರೆ ಹೆದರಿ ನಿರಾಕರಿಸಬೇಡಿ. “ತಲುಪಿದೆ” ಎಂದು ತಾರೀಖಿನೊಡನೆ ಬರೆದು ಸಹಿ ಮಾಡಿದರೆ ತಪ್ಪು ಒಪ್ಪಿದಂತಾಗುವುದಿಲ್ಲ.

ವಂತಿಗೆ ಕೊಟ್ಟಾಗ ಪಾವತಿ ಕೇಳಿ ಪಡೆಯಿರಿ. ಪಗಾರದಲ್ಲೇ ಕಡಿತವಾಗುತ್ತಿದ್ದರೆ ಚೀಟಿಯಲ್ಲಿ ಯಾವ ಯೂನಿಯನ್ನಿನ ಹೆಸರಿದೆಯೆಂದು ಓದಿಕೊಳ್ಳಿ. ಚೀಟಿ ಓದಲು, ಅರ್ಜಿ ಬರೆಯಲು ಬಾರದವರು ರವಿವಾರ ಬೆಳಿಗ್ಗೆ ಕಾಗದಗಳೊಡನೆ ವಾಚನಾಲಯಕ್ಕೆ ಬರಬಹುದು. ಹತ್ತರಿಂದ ಹನ್ನೆರಡರವರೆಗೆ ನಾವು ಹಿಂದಿನ ಕೋಣೆಯಲ್ಲಿರುತ್ತೇವೆ.